ಹನ್ನೊಂದು ಸುತ್ತು ನಿಂತವನು

ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡೇ ಲೋಕದ ಮಾತೆಲ್ಲ ಆಡುವುದು ಸೋಫಾ ಕೆಲಸದವರಿಗೆ ರೂಢಿ. ಆದರೆ ಅಂಗಡಿಯ ಬಾಗಿಲಲ್ಲಿ ಗುಡುಗನ ಹೆಂಡತಿ ನಿಂತದ್ದನ್ನು ಕಂಡಕೂಡಲೇ ಹನ್ನೊಂದಣ್ಣ ಅಷ್ಟೂ ಮೊಳೆಗಳನ್ನು ಅಂಗೈಗೆ ಉಗಿದು ಎದ್ದು ನಿಂತ. ಆಕೆ ಅವನ ಅಂಗಡಿಯ ಮೆಟ್ಟಿಲು ಹತ್ತಿದವಳೇ ಅಲ್ಲ. ದೊಡ್ಡವರ ಮನೆಯ ಕುರ್ಚಿ ಹರಿದರೆ ಆಳು ಹೊತ್ತು ತರುತ್ತಿದ್ದ, ಆಳೇ ಹೊತ್ತು ಹೋಗುತ್ತಿದ್ದ.

"ಬನ್ನಿ ಅತ್ತಿಗೆ, ಬನ್ನಿ, ಕೂತ್ಕೊಳ್ಳಿ," ಎಂದು ಹತ್ತಿಯ ಧೂಳು ಕೊಡವಿ ಒಂದು ಕುರ್ಚಿ ಎಳೆದ. ಅದಕ್ಕೆ ಮೂರೇ ಕಾಲು. ನಾಲಿಗೆ ಕಚ್ಚಿಕೊಂಡು ಇನ್ನೊಂದು ಎಳೆದ.

ಹನ್ನೊಂದಣ್ಣ ಎನ್ನುವುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನೇ ದುಡಿದು ಮಾಡಿಕೊಂಡ ಆಸ್ತಿ. ಒಂದು ಕಾಲಕ್ಕೆ ಗುಡುಗ ಹೆವಿವೇಟ್ ಬಾಕ್ಸಿಂಗಿನ ಚಾಂಪಿಯನ್. ಏಳು ವರ್ಷ ಚಾಂಪಿಯನ್ನಿನ ಬೆಲ್ಟು ಅವನ ಸೊಂಟ ಬಿಟ್ಟು ಇಳಿದಿರಲಿಲ್ಲ. ಅವನೆದುರು ನಾಲ್ಕನೇ ಸುತ್ತು ದಾಟಿದ ಗಂಡಸಿಲ್ಲ. ದಾಟಿದವನು ಒಬ್ಬನೇ, ಈ ಸೋಫಾದವನು. ಆಡಬೇಕಾದವನು ಕೈ ಮುರಿದುಕೊಂಡ ಅಂತ ಕೊನೇ ಗಳಿಗೆಯಲ್ಲಿ ಕೈಗೆ ಸಿಕ್ಕವನನ್ನು ಹಿಡಿದು ರಿಂಗಿಗೆ ನೂಕಿದ್ದರು. ಅವನು ಹನ್ನೊಂದು ಸುತ್ತು ನಿಂತ. ಬೀಳಲೇ ಇಲ್ಲ. ಅವನ ಮುಖ ನೋಡಲಾರದೆ ರೆಫರಿಯೇ ಹೆದರಿ ಪಂದ್ಯ ನಿಲ್ಲಿಸಿದ. ಅಂದಿನಿಂದ ಅವನ ಎಡಗಿವಿ ಕೇಳುವುದಿಲ್ಲ, ಎಡಗಣ್ಣಿನ ರೆಪ್ಪೆ ಪೂರ್ತಿ ಏಳುವುದಿಲ್ಲ, ಬಲಗೈಯ ಮೂರು ಬೆರಳಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಸೋತದ್ದು ಸೋತದ್ದೇ, ಇಲ್ಲ ಅಂದವರು ಯಾರು? ಆದರೆ ಅವನು ಬೀದಿಗಿಳಿದರೆ ಜನ ಜಾಗ ಬಿಡುತ್ತಿದ್ದರು. ಚಹಾದಂಗಡಿಯಲ್ಲಿ ಅವನಿಗೆ ಅಂತ ಬೆಂಚಿನ ತುದಿ ಖಾಲಿ ಇರುತ್ತಿತ್ತು. ಅಂಗಡಿಯ ಬೋರ್ಡಿನ ಮೇಲೂ ಅದೇ ಬರೆಸಿದ್ದ: 'ಹನ್ನೊಂದು ಸೋಫಾ ವರ್ಕ್ಸ್'.

ಅವನ ಹೆಂಡತಿಗೆ ಮಾತ್ರ ಈ ವೈಭವ ಕಂಡರಾಗದು. ಅವನ ಬೆರಳು ಸತ್ತ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಅವಳು. ಕೂತವಳು ಇನ್ನೂ ಎದ್ದಿಲ್ಲ. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲವಂತೆ," ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. "ಹನ್ನೊಂದು ಸುತ್ತು ನಿಂತೆ ನಿಂತೆ ಅಂತೀರಲ್ಲ, ಹನ್ನೆರಡನೇ ಸುತ್ತಿಂದ ಇಲ್ಲೀವರೆಗೂ ನಿಂತಿರೋಳು ನಾನು. ನಂಗ್ಯಾವ ಬೋರ್ಡು ಬರೆಸಿದೀರಿ?"

ಗುಡುಗನ ಹೆಂಡತಿ ಕೂತಳು. ಹನ್ನೊಂದಣ್ಣನ ಮುಂದಿದ್ದ ಕಬ್ಬಿಣದ ಸ್ಟೂಲನ್ನು ನೋಡಿದಳು. ಅದರ ಮೇಲೆ ಅರ್ಧ ತುಂಬಿದ ಗಾದಿ, ಸುತ್ತ ಕೆಂಪು ರೆಕ್ಸಿನ್ನು.

"ಇದು ನಮ್ಮವರು ಕೂರೋ ಸ್ಟೂಲಾ?"

"ಹೌದು ಅತ್ತಿಗೆ. ಅಣ್ಣನಿಗೆ ಸೊಂಟ ನೋವಲ್ವಾ, ಅದಕ್ಕೇ ಎರಡು ಹಿಡಿ ಜಾಸ್ತಿ ತುಂಬ್ತಾ ಇದೀನಿ. ಕಬ್ಬಿಣದ ಮೇಲೆ ಅಷ್ಟು ಹೊತ್ತು ಹೆಂಗೆ ಕೂರ್ತಾರೆ?"

ಆ ಸ್ಟೂಲಿನ ಕಥೆ ಹೇಳಬೇಕು. ಬೀದಿಯಾಚೆಯ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಕ್ಲಬ್ಬಿನ ಚಾಂಪಿಯನ್ ಯಾವನೇ ಇರಲಿ, ಅರವತ್ತು ತುಂಬಿದ ವಾರ ಅವನ 'ತೂಕ' ಆಗಬೇಕು. ತಕ್ಕಡಿಯಲ್ಲಲ್ಲ, ಮಾತಿನಲ್ಲಿ. ರಿಂಗಿನ ನಡುವೆ ಸ್ಟೂಲು ಹಾಕಿ ಅವನನ್ನು ಕೂರಿಸುವುದು. ಒಂದು ಮೂಲೆಯಿಂದ ಒಬ್ಬ ಅವನು ದೊಡ್ಡವನು ಅಂತ ವಾದಿಸಬೇಕು, ಎದುರು ಮೂಲೆಯಿಂದ ಇನ್ನೊಬ್ಬ ಅಲ್ಲ ಅಂತ. ಸುತ್ತಿಗೆ ಮೂರು ನಿಮಿಷ, ನಡುವೆ ಗಂಟೆ, ಥೇಟ್ ಪಂದ್ಯದ ಹಾಗೆ. ಸ್ಟೂಲಿನ ಮೇಲೆ ಕೂತವನು ಬಾಯಿ ಬಿಡಕೂಡದು. ನೋಡುವವರ ಕೈಯಲ್ಲಿ ಒಂದೊಂದು ಬಿಳಿ ಟವೆಲ್ಲು. ಇವನು ತೂಕದವನಲ್ಲ ಅನ್ನಿಸಿದರೆ ರಿಂಗಿನೊಳಗೆ ಎಸೆಯಬೇಕು. ಕೊನೇ ಗಂಟೆಯ ಹೊತ್ತಿಗೆ ಸ್ಟೂಲಿನ ಸುತ್ತ ನೆಲ ಕಂಡರೆ ಅವನ ಫೋಟೋ ರಿಂಗಿನ ಮೇಲಿನ ದೊಡ್ಡ ಗೋಡೆಗೆ. ಕಾಣದಿದ್ದರೆ ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ. ಬದುಕಿರುವವನನ್ನು ಮುಂದೆ ಕೂರಿಸಿಕೊಂಡು ಅವನ ಬದುಕನ್ನು ಹರಾಜು ಹಾಕುವ ಈ ಪದ್ಧತಿ ಯಾವ ಪುಣ್ಯಾತ್ಮ ಶುರು ಮಾಡಿದನೋ! ಆದರೆ ಜನಕ್ಕೆ ಪಂದ್ಯಕ್ಕಿಂತ ಇದೇ ಇಷ್ಟ.

ಗುಡುಗನ ತೂಕಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.

"ಊಟ ಬಿಟ್ಟಿದಾರೆ," ಅಂದಳು ಆಕೆ. "ಗೋಡೆ ಮೇಲೆ ಖಾಲಿ ಬಿಟ್ಟಿರೋ ಆ ಜಾಗನ ದಿನಾ ಹೋಗಿ ನೋಡ್ಕೊಂಡು ಬರ್ತಾರೆ. ಕೈ ನಡುಗುತ್ತೆ, ಲೋಟ ಹಿಡಿದ್ರೆ ಅರ್ಧ ನೆಲಕ್ಕೆ. ಆ ಬಚ್ಚಲ ಪ್ಯಾಸೇಜಿಗೆ ಹಾಕಿದ್ರೆ ಅವರು ಉಳಿಯಲ್ಲಪ್ಪ."

"ಛೆ ಛೆ! ಅಣ್ಣನ್ನ ಪ್ಯಾಸೇಜಿಗೆ ಹಾಕೋ ಧೈರ್ಯ ಯಾರಿಗಿದೆ?"

"ವಕೀಲನಿಗಿದೆ."

ವಕೀಲ ಎಂದರೆ ಕೋರ್ಟಿನವನಲ್ಲ. ಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಜನ್ಮದಲ್ಲಿ ಒಂದು ಸಲವೂ ಗ್ಲೌಸು ತೊಟ್ಟವನಲ್ಲ, ಒಂದು ಏಟು ತಿಂದವನಲ್ಲ, ಆದರೆ ನಾಲಿಗೆ ಬಿಚ್ಚಿದರೆ ಎದುರಿನವನಿಗೆ ಸ್ಟ್ರೆಚರ್ ತರಿಸಬೇಕು. ಗುಡುಗ ಒಳ್ಳೆ ಹೊತ್ತು ನೋಡಿ ಬಂದ, ಒಳ್ಳೆ ಹೊತ್ತು ನೋಡಿ ಕಾಲಿಗೆ ಬುದ್ಧಿ ಹೇಳಿದ, ಗಾಳಿ ಬಂದಾಗ ತೂರಿಕೊಂಡ, ಅಷ್ಟೇ ಹೊರತು ದೊಡ್ಡವನೇನಲ್ಲ ಎನ್ನುವುದು ಅವನ ವಾದ.

"ಅವನು ಸಾಕ್ಷಿಗೆ ನಿನ್ನನ್ನೇ ಕರೀತಾನಂತೆ," ಎಂದಳು ಆಕೆ. "ಏಟು ತಿಂದೋರಲ್ಲಿ ಒಬ್ಬರನ್ನ ಕರೆಯೋಕೆ ಅವನಿಗೆ ಹಕ್ಕಿದೆ. ಒಬ್ಬ ಸೋಫಾ ಹೊಲಿಯೋನು ಹನ್ನೊಂದು ಸುತ್ತು ನಿಂತ ಅಂದ್ರೆ ಗುಡುಗನ ಕೈಯಲ್ಲಿ ಏನಿತ್ತು ಅಂತ ಕೇಳ್ತಾನೆ. ಎಲ್ಲಾ ಕಡೆ ಹೇಳ್ಕೊಂಡು ತಿರುಗ್ತಾ ಇದಾನೆ. ಅದೊಂದಕ್ಕೆ ಇವರ ಪರ ವಾದಿಸೋ ನಮ್ಮಳಿಯನ ಹತ್ರ ಉತ್ತರ ಇಲ್ಲ."

ಇಷ್ಟು ವರ್ಷ ತನ್ನ ಹನ್ನೊಂದು ಸುತ್ತು ಗುಡುಗನ ಕಿರೀಟಕ್ಕೆ ಇನ್ನೊಂದು ಗರಿ ಅಂತಲೇ ಹನ್ನೊಂದಣ್ಣ ತಿಳಿದಿದ್ದ. ಅದು ಗುಡುಗನ ಕಾಲಿಗೆ ತೊಡರುವ ಬಳ್ಳಿ ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ನಾನೇನು ಮಾಡ್ಬೇಕು ಅತ್ತಿಗೆ?"

"ಅವರು ನಿನ್ನ ಮೇಲೆ ಕರುಣೆ ಇಟ್ಟು ನಿಲ್ಲಿಸ್ಕೊಂಡಿದ್ರು ಅಂತ ಹೇಳಿಬಿಡು. ಮನಸ್ಸು ಮಾಡಿದ್ರೆ ಯಾವಾಗ್ಲೋ ಮಲಗಿಸ್ತಿದ್ರು ಅಂತ."

ಮಿಷನ್ನಿನ ಸದ್ದು ನಿಂತಿತು. ಒಳಗಿನಿಂದ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು.

"ಅದು... ನಿಜಾನಾ ಅತ್ತಿಗೆ? ಅಣ್ಣ ಹಂಗಂದ್ರಾ?"

ಆಕೆ ಅವನ ಅಂಗೈಯಲ್ಲಿದ್ದ ಮೊಳೆಗಳನ್ನು ನೋಡಿದಳು. "ಆ ಪಂದ್ಯದ ಮಾತು ಮನೇಲಿ ಅವರು ಎತ್ತೋದೇ ಇಲ್ಲ." ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, ಹಣೆಗೆ ಗುರಿಯಿಟ್ಟ ಹಾಗೆ ಒಂದು ಮಾತು ಆಡಿದಳು: "ಗೆದ್ದೋರಿಗೆ ಅದೆಲ್ಲ ಮುಖ್ಯ. ಸೋತೋನಿಗೆ ನಾಲ್ಕಾದ್ರೇನು, ಹನ್ನೊಂದಾದ್ರೇನು?"

ಆಕೆ ಮೆಟ್ಟಿಲಿಳಿದು ಹೋದ ಮೇಲೆ ಹೆಂಡತಿ ಹೊರಗೆ ಬಂದು ಬಾಗಿಲಿಗೊರಗಿದಳು.

"ಹೇಳ್ತೀರಾ?"

"ಗೊತ್ತಿಲ್ಲ ಕಣೆ."

"ಹೇಳಿದ್ರೆ ನೀವು ಯಾರೂ ಅಲ್ಲ. ಹೇಳದೆ ಇದ್ರೆ ಅವರು ಯಾರೂ ಅಲ್ಲ. ಅವರು ಯಾರೂ ಅಲ್ಲ ಅಂದ್ಮೇಲೆ, ಯಾರೂ ಅಲ್ಲದೋನ ಮುಂದೆ ಹನ್ನೊಂದು ಸುತ್ತು ನಿಂತ ನೀವ್ಯಾರು? ಎರಡು ಕಡೆಯಿಂದ್ಲೂ ಏಟು ನಿಮಗೇ." ಬಾಗಿಲು ಬಿಟ್ಟು ಸರಿಯುತ್ತ, "ಅವತ್ತೂ ಹಂಗೇ ಅಲ್ವಾ," ಎಂದು ಒಳಗೆ ಹೋದಳು.

ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ನಾಲ್ಕು ದಿನ ಹನ್ನೊಂದಣ್ಣ ಸ್ಟೂಲಿಗೆ ಗಾದಿ ತುಂಬಿದ, ತೆಗೆದ, ಮತ್ತೆ ತುಂಬಿದ. ಕರುಣೆಯಾ? ಏಳನೇ ಸುತ್ತಿನಲ್ಲಿ ಪಕ್ಕೆಲುಬಿನ ಕೆಳಗೆ ಬಿದ್ದ ಏಟಿಗೆ ಉಸಿರು ಸಿಗದೆ ಅವನಿಗೆ ಸತ್ತುಹೋದ ಅವ್ವನ ಮುಖ ಕಂಡಿತ್ತು. ಒಂಬತ್ತರಲ್ಲಿ ಬಿದ್ದ ಏಟಿಗೆ ಈ ಎಡಗಿವಿ ಹೋದದ್ದು. ಕರುಣೆ ಅಂದರೆ ಹೀಗಿರುತ್ತದೆಯೇ? ಆದರೆ ಒಂದು ಹುಳ ಹೊಕ್ಕಿತೆಂದರೆ ಹೊಕ್ಕಿತು. ಇದ್ದರೂ ಇರಬಹುದು. ಅಂಥ ಗುಡುಗ, ಇಂಥ ನಾನು. ಅವನು ಬಿಡದೆ ನಾನು ನಿಲ್ಲಲು ಸಾಧ್ಯವಿತ್ತೇ? ಮೂರನೆಯ ದಿನದ ಹೊತ್ತಿಗೆ ತನ್ನ ಮೈಮೇಲಿನ ಗಾಯಗಳೇ ತನಗೆ ಸುಳ್ಳು ಹೇಳುತ್ತಿವೆಯೇನೋ ಅನ್ನಿಸತೊಡಗಿತು ಆ ಪಾಪದವನಿಗೆ.

ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಗುದ್ದುವ ಚೀಲಗಳನ್ನೆಲ್ಲ ಕೊಕ್ಕೆಯಿಂದ ಇಳಿಸಿ ಗೋಡೆಗೆ ಸೇರಿಸಿದ್ದರು. ಬೆವರು, ಮುಲಾಮು, ಒದ್ದೆ ಟವೆಲ್ಲುಗಳ ವಾಸನೆ. ಗುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಳಿಯನ ಹೆಗಲು ಹಿಡಿದು ರಿಂಗ್ ಹತ್ತಿದ. ಒಂದು ಕಾಲದಲ್ಲಿ ಹಗ್ಗವನ್ನು ದಾಟಿ ಹಾರುತ್ತಿದ್ದವನು ಈಗ ಹಗ್ಗದ ನಡುವೆ ಸಿಕ್ಕಿಕೊಂಡ, ಅಳಿಯ ಬಿಡಿಸಿದ. ಹಿಂದೆ ಯಾರೋ ಕಿಸಕ್ಕೆಂದರು. ಸ್ಟೂಲಿನ ಮೇಲೆ ಕೂತು ನಡುಗುವ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಗಾದಿ ಮೆತ್ತಗಿದೆ ಎಂದು ತಿಳಿದದ್ದು ಅವನ ಮುಖದಲ್ಲಿ ಒಂದು ಕ್ಷಣ ಕಂಡಿತು. ಹನ್ನೊಂದಣ್ಣನಿಗೆ ಅಷ್ಟೇ ಸಾಕಾಗಿತ್ತು.

ಕ್ಲಬ್ಬಿನ ಮಾಸ್ಟರು ಗಂಟೆ ಹೊಡೆದರು.

"ಮಹಾಜನಗಳೇ," ಎಂದು ವಕೀಲ ಮೂಲೆಯಿಂದ ಮುಂದೆ ಬಂದ. "ನಾನು ಇವರನ್ನ ಬೈಯೋಕೆ ಬಂದಿಲ್ಲ. ಇವರ ಕೈಗಡಿಯಾರಕ್ಕೆ ಅಡ್ಡ ಬೀಳೋಕೆ ಬಂದಿದೀನಿ. ಇವರು ಬಂದಿದ್ದು ಯಾವಾಗ? ಹಿಂದಿನ ಚಾಂಪಿಯನ್, ಆ ಹಳೇ ಹುಲಿಗೆ ನಲವತ್ತು ದಾಟಿ ಹಲ್ಲುದುರಿದ ಮೇಲೆ. ಹೋಗಿದ್ದು ಯಾವಾಗ? ಹೊಸ ಹುಲಿಗೆ ಹಲ್ಲು ಮೂಡಿದ ವರ್ಷ! ನಡುವೆ ಏಳು ವರ್ಷ ಯಾರಿದ್ರು? ಹಾಳೂರಿಗೆ ಉಳಿದೋನೇ ಗೌಡ!"

ನಗೆ ಎದ್ದಿತು. ಎರಡು ಮೂರು ಟವೆಲ್ಲು ರಿಂಗಿಗೆ ಬಿದ್ದವು. ಒಂದು ಗುಡುಗನ ಬೂಟಿನ ಮೇಲೆ ಬಿತ್ತು. ಅವನು ಕಾಲು ಸರಿಸಲಿಲ್ಲ.

ಅಳಿಯ ಮಾತಿನಲ್ಲಿ ಚುರುಕಲ್ಲ, ಆದರೆ ಅಂದು ಅವನ ಹೊಟ್ಟೆಯಿಂದ ಮಾತು ಬಂತು. "ಹಲ್ಲುದುರಿದ ಹುಲಿ ಅಂತೀರಿ. ಅದೇ ವರ್ಷ ಆ ಹುಲಿ ಮೂರು ಜನರನ್ನ ಆಸ್ಪತ್ರೆಗೆ ಕಳಿಸಿತ್ತು. ಎದುರಿಗೆ ನಿಲ್ಲೋಕೆ ಯಾರೂ ಒಪ್ತಿರಲಿಲ್ಲ. ನಮ್ಮ ಮಾವ ಒಪ್ಪಿದ್ರು. ಹುಟ್ಟೋ ವರ್ಷ ಆರಿಸ್ಕೊಂಡು ಬರೋಕಾಗುತ್ತೇನ್ರೀ ಮನುಷ್ಯನಿಗೆ? ಬೇಗ ಬಿಟ್ರು ಅಂತೀರಲ್ಲ, ಆ ಹಳೇ ಹುಲಿ ಬಿಡದೇ ಆಡಿ ಆಡಿ ಇವತ್ತು ಹೆಂಗಿದಾರೆ ನೋಡಿದೀರಾ? ಮಗಳು ಬಾಯಿಗೆ ಚಮಚದಲ್ಲಿ ಹಾಕ್ತಾಳೆ. ನಮ್ಮ ಮಾವ ಸೋಲದೆ ಬಿಟ್ರು. ಬಿಡೋ ಹೊತ್ತು ಗೊತ್ತಿರೋದು ಹೆದರಿಕೆ ಅಲ್ಲ, ಅದೂ ಒಂದು ವಿದ್ಯೆ!"

ಈ ಸಲ ಯಾರೂ ನಗಲಿಲ್ಲ. ಟವೆಲ್ಲು ಎತ್ತಿದವರು ಕೆಳಗಿಳಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ "ಅದು ಸರಿ, ಅದು ಸರಿ" ಎಂದ. ಮೂರು ಸುತ್ತು ಹೀಗೇ ಹೋಯಿತು. ರಿಂಗಿನ ನೆಲ ಇನ್ನೂ ಧಾರಾಳವಾಗಿ ಕಾಣುತ್ತಿತ್ತು. ಗುಡುಗನ ಹೆಂಡತಿ ಮೊದಲ ಸಾಲಿನಿಂದ ತಿರುಗಿ ಹನ್ನೊಂದಣ್ಣನ ಕಡೆ ನೋಡಿದಳು.

ಆಗ ವಕೀಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಸಾಕ್ಷಿಗೆ ಸೋಫಾದ ಹನ್ನೊಂದಣ್ಣನವರು ಬರ್ಲಿ," ಎಂದ.

ಜನ ಎದ್ದು ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಚಪ್ಪಲಿ ಬಿಟ್ಟು ರಿಂಗ್ ಹತ್ತುವಾಗ ಎಷ್ಟೋ ಕೈಗಳು ಅವನ ಬೆನ್ನು ತಟ್ಟಿದವು. ಇಷ್ಟು ಪ್ರೀತಿಯನ್ನು ಹೊತ್ತುಕೊಂಡು ಅವನು ಹಗ್ಗ ದಾಟಿದ. ಅದನ್ನೆಲ್ಲ ಅಲ್ಲಿಯೇ ಇಳಿಸಿ ಬರಬೇಕಾಗಿತ್ತು.

"ಹೇಳಿ ಅಣ್ಣ. ಯಾರೂ ನಾಲ್ಕು ದಾಟದೆ ಇರೋವಾಗ ನೀವು ಹನ್ನೊಂದು ಹೆಂಗೆ ನಿಂತ್ರಿ? ನೀವು ಅಷ್ಟು ದೊಡ್ಡವರಾ, ಇಲ್ಲ ಇವರು ಅಷ್ಟು ಚಿಕ್ಕವರಾ?"

ಗುಡುಗ ತಲೆ ಎತ್ತಿ ಅವನನ್ನೇ ನೋಡಿದ. ಆ ಕಣ್ಣಿನಲ್ಲಿ ಏನೋ ಇತ್ತು. ಬೇಡಿಕೆ ಅಂತ ಹನ್ನೊಂದಣ್ಣ ತಿಳಿದ.

"ಅಣ್ಣನೇ ನನ್ನನ್ನ ನಿಲ್ಲಿಸ್ಕೊಂಡಿದ್ರು," ಎಂದ. ದನಿ ಅವನಿಗೇ ಕೇಳಲಿಲ್ಲ. ಜೋರಾಗಿ ಮತ್ತೊಮ್ಮೆ ಹೇಳಿದ. "ಕರುಣೆ ಇಟ್ಟು ನಿಲ್ಲಿಸ್ಕೊಂಡಿದ್ರು."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಗಾದಿ ತುಂಬಿ ತುಂಬಿ ರೂಢಿಯಾದ ಕೈ ನೋಡಿ; ಟೊಳ್ಳು ಕಂಡರೆ ಅವನಿಗೆ ಸಮಾಧಾನವಿಲ್ಲ. ಸುಳ್ಳು ಎಲ್ಲಿ ಕುಸಿಯುತ್ತದೋ ಎಂದು ಹೆದರಿ ಎರಡು ಹಿಡಿ ಜಾಸ್ತಿ ತುಂಬಿದ.

"ನಾಲ್ಕನೇ ಸುತ್ತಿಗೇ ನನ್ನ ಕಥೆ ಮುಗಿದಿತ್ತು. ಅಣ್ಣ ಅಪ್ಪಿ ಹಿಡ್ಕೊಂಡು ಕಿವೀಲಿ ಅಂದ್ರು, ಬೀಳಬೇಡ ಕಣೋ, ಜನ ದೂರದಿಂದ ಬಂದಿದಾರೆ, ಇನ್ನೊಂದಿಷ್ಟು ಹೊತ್ತು ಆಟ ನೋಡ್ಲಿ ಅಂತ. ಆಮೇಲಿನ ಏಳು ಸುತ್ತೂ ಅವರ ಧರ್ಮ."

ಅವನು ಕಾದ. ಒಬ್ಬನಾದರೂ ಎದ್ದು "ಏ ಹೋಗಯ್ಯ, ಸುಳ್ಳು ಹೇಳಬೇಡ, ನಾನೇ ಕಣ್ಣಾರೆ ನೋಡಿದೀನಿ" ಅಂತಾನೆ ಎಂದು ಕಾದ. ಅಂದು ಪಂದ್ಯ ನೋಡಿದವರು ಅಲ್ಲಿ ಎಷ್ಟೋ ಮಂದಿ ಇದ್ದರು. ಅವನ ರಕ್ತ ಅವರ ಅಂಗಿಗೆ ಸಿಡಿದಿತ್ತು.

"ನಂಗೆ ಅವತ್ತೇ ಅನುಮಾನ ಇತ್ತು," ಎಂದ ಮುಂದಿನ ಸಾಲಿನವನು.

"ಅಲ್ಲ ಮತ್ತೆ? ಗುಡುಗ ಎಲ್ಲಿ, ಈ ಹತ್ತಿ ಮೂಟೆ ಎಲ್ಲಿ!" ಎಂದ ಚಹಾದಂಗಡಿಯವನು, ದಿನಾ ಅವನಿಗೆ ಬೆಂಚಿನ ತುದಿ ಖಾಲಿ ಇಡುತ್ತಿದ್ದವನು. ನಗೆ ಸಾಲಿಂದ ಸಾಲಿಗೆ ಹರಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು. ಇಷ್ಟು ವರ್ಷದ ಮರ್ಯಾದೆ ಎರಡು ಮಾತಿಗೆ ಉದುರಿಹೋಯಿತಲ್ಲ, ಅದಕ್ಕೆ ಯಾರ ಮುಖದಲ್ಲೂ ಒಂದು ಚೂರು ಆಶ್ಚರ್ಯ ಸಹ ಇರಲಿಲ್ಲ.

ಇರಲಿ, ಅಣ್ಣನಾದರೂ ಉಳಿದ ಎಂದುಕೊಂಡು ಹನ್ನೊಂದಣ್ಣ ಹಗ್ಗದ ಕಡೆ ತಿರುಗಿದ.

"ಒಂದು ನಿಮಿಷ ಅಣ್ಣ," ಎಂದ ವಕೀಲ. ಕನ್ನಡಕ ಏರಿಸಿದ. ಬೆಕ್ಕಿಗೆ ಹಾಲಿನ ಪಾತ್ರೆಯ ಮುಚ್ಚಳ ಸರಿದಂತಾಗಿತ್ತು ಅವನಿಗೆ. "ಕಿವೀಲಿ ಹೇಳಿದ್ರಾ? ಎದುರಾಳಿ ಕಿವೀಲಿ? ಆಟ ನೋಡ್ಲಿ ಅಂದ್ರಾ? ಮಹಾಜನಗಳೇ, ಕೇಳಿಸ್ಕೊಂಡ್ರಾ! ಚಾಂಪಿಯನ್ ಪಂದ್ಯದಲ್ಲಿ ಎದುರಾಳಿ ಜೊತೆ ಮಾತಾಡ್ಕೊಂಡು ಏಳು ಸುತ್ತು ಆಡಿದ್ರಂತೆ! ಇದನ್ನ ಪಂದ್ಯ ಅಂತೀರೋ ನಾಟಕ ಅಂತೀರೋ? ಏಳು ಸುತ್ತು ನಾಟಕ ಆಡಿದೋರು ಏಳು ವರ್ಷ ಇನ್ನೇನೇನು ಆಡಿದಾರೋ! ಹಳೇ ಹುಲಿ ಕಿವೀಲಿ ಏನು ಹೇಳಿದ್ರೋ! ನಾನು ಇವರ ಗಡಿಯಾರನ ಬೈತಾ ಇದ್ದೆ. ತಪ್ಪಾಯ್ತು. ಇವರ ಗಡಿಯಾರನೂ ನಿಜ ಅಲ್ಲ!"

ಟವೆಲ್ಲೊಂದು ಗುಡುಗನ ಎದೆಗೆ ಬಡಿಯಿತು.

"ಇಲ್ಲ! ಇಲ್ಲ!" ಎಂದು ಹನ್ನೊಂದಣ್ಣ ಕೂಗಿದ. "ನಾನು ಹೇಳಿದ್ದು ಸುಳ್ಳು! ಅಣ್ಣ ಏನೂ ಹೇಳಲಿಲ್ಲ! ನಾನು ನಿಜವಾಗ್ಲೂ ನಿಂತೆ, ಹನ್ನೊಂದೂ ನಿಂತೆ, ಈ ಕಿವಿ ನೋಡಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈಗ ಹನ್ನೊಂದು ವಾಪಸ್ ಬೇಕಂತೆ!" ಎಂದು ಯಾರೋ ಅರಚಿದರು. "ಸಾಕ್ಷಿ ಒಂದೇ ಸಲ," ಎಂದು ಮಾಸ್ಟರು ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ಕೆಳಗಿಳಿಯಪ್ಪ, ಸಾಕು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟವೆಲ್ಲುಗಳು ನಾಲ್ಕೂ ಕಡೆಯಿಂದ ಬಿದ್ದವು. ಒದ್ದೆಯವು ಚಟ್ ಎಂದು ಸದ್ದು ಮಾಡುತ್ತಿದ್ದವು. ಮಗುವನ್ನು ಎತ್ತಿಕೊಂಡು ಬಂದವನೊಬ್ಬ ಮಗುವಿನ ಕೈಯಿಂದಲೇ ಎಸೆಸಿದ. ಗುಡುಗ ಬಾಯಿ ಬಿಗಿಹಿಡಿದು ಕೂತೇ ಇದ್ದ. ಒಂದು ಟವೆಲ್ಲು ಅವನ ತಲೆಯ ಮೇಲೆ ಬಿದ್ದು ಮುಖ ಮುಚ್ಚಿತು; ತೊಡೆಯ ಕೆಳಗಿನ ಕೈ ತೆಗೆದರೆ ನಡುಕ ಕಂಡೀತೆಂದು ಅವನು ಅದನ್ನು ಸರಿಸಲೂ ಇಲ್ಲ. ಮಾಸ್ಟರು ಕೊನೇ ಗಂಟೆ ಹೊಡೆದಾಗ ರಿಂಗಿನಲ್ಲಿ ನೆಲ ಎನ್ನುವುದೇ ಇರಲಿಲ್ಲ.

ಜನ ಬಾಗಿಲ ಕಡೆ ನುಗ್ಗುತ್ತಿದ್ದರು. ಯಾರು ಯಾವಾಗ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂಬ ವಾದ ಆಗಲೇ ಬೀದಿಗೆ ಇಳಿದಿತ್ತು. ಹನ್ನೊಂದಣ್ಣ ಟವೆಲ್ಲುಗಳನ್ನು ತುಳಿಯುತ್ತ ಸ್ಟೂಲಿನ ಹತ್ತಿರ ಹೋಗಿ, ಗುಡುಗನ ಮುಖದ ಮೇಲಿನದನ್ನು ಎತ್ತಿದ.

"ಅಣ್ಣ, ತಪ್ಪಾಯ್ತು. ನಿಮಗೋಸ್ಕರ ಹೇಳಿದೆ."

ಗುಡುಗ ಅವನ ಕೇಳುವ ಕಿವಿಯ ಕಡೆಗೆ ಬಗ್ಗಿದ. ಅಂದು ಅವನು ಆಡಿದ ಮೊದಲ ಮಾತು ಅದೇ.

"ನಿನ್ನ ನಾನು ನಿಲ್ಲಿಸ್ಕೊಂಡಿದ್ನಾ? ನಾಯಿ! ಒಂಬತ್ತನೇ ಸುತ್ತಲ್ಲಿ ನನ್ನ ಹತ್ರ ಇದ್ದ ಕಸುವನ್ನೆಲ್ಲ ಹಾಕಿ ಹೊಡೆದೆ. ಅಂಥ ಏಟು ನಾನು ಹಳೇ 'ಹುಲಿ'ಗೂ ಹಾಕಿರಲಿಲ್ಲ. ನೀನು ನಿಂತೇ ಇದ್ದೆ. ಒಬ್ಬ ಸೋಫಾ ಹೊಲಿಯೋನು ನನ್ನ ಕೈಯಲ್ಲಿ ಬೀಳಲ್ಲ ಅಂದ್ರೆ ನನ್ನ ಕಥೆ ಆಯ್ತು ಅಂತ ಅವತ್ತೇ ಮನೆಗೆ ಹೋಗಿ ಹೇಳಿದೆ. ಅದಕ್ಕೇ ಬೆಲ್ಟು ಬಿಟ್ಟೆ. ಹೊಸಬನಿಗೆ ಹೆದರಿ ಅಲ್ಲ. ನಿನಗೆ."

ಜೀವಮಾನದಲ್ಲಿ ಅಂಥ ಸಂತೋಷ ಹನ್ನೊಂದಣ್ಣನಿಗೆ ಆಗಿರಲಿಲ್ಲ. ಅದು ಬಂದ ದಾರಿ ನೋಡಿ!

"ಅತ್ತಿಗೆಗೆ ಗೊತ್ತಿತ್ತಾ?"

"ಅವಳಿಗಲ್ಲದೆ ಇನ್ಯಾರಿಗೆ ಹೇಳಿದೆ?"

"ಹಂಗಾದ್ರೆ ಹೇಳಿ ಅಣ್ಣ! ಜನ ಇನ್ನೂ ಬಾಗಿಲಲ್ಲೇ ಇದಾರೆ, ಕೂಗಿ ಹೇಳಿ! ನಿಮ್ಮ ಕಾಲಿಗೆ ಬೀಳ್ತೀನಿ."

ಗುಡುಗ ನಕ್ಕ. "ಗಂಟೆ ಆದ್ಮೇಲೆ ಹೊಡೆದ ಏಟು ಲೆಕ್ಕಕ್ಕಿಲ್ಲ ಕಣೋ. ಆಮೇಲೆ, ಸೋಫಾದವನಿಗೆ ಹೆದರಿ ಬಿಟ್ಟೆ ಅಂತ ನನ್ನ ಬಾಯಿಂದ ನಾನೇ ಹೇಳ್ಲಾ? ಅದಕ್ಕಿಂತ ಬಚ್ಚಲ ಪ್ಯಾಸೇಜೇ ವಾಸಿ. ನಾಟಕದವನು ಅಂತಾದ್ರೂ ಇರ್ತೀನಿ." ಅಳಿಯನಿಗೆ ಕೈ ಚಾಚಿ ಎದ್ದ. "ಎರಡು ಸಲ ನನ್ನ ಮುಗಿಸಿದೋನು ನೀನೊಬ್ಬನೇ. ಆ ಹೆಮ್ಮೆ ಇಟ್ಕೋ, ಒಬ್ಬನೇ ಇಟ್ಕೋ."

ಗುಡುಗನ ಹೆಂಡತಿ ಕೆಳಗೆ ಅವನ ಬಿಚ್ಚಿಹೋಗಿದ್ದ ಬೂಟಿನ ಲೇಸು ಕಟ್ಟಲು ಕಾದು ನಿಂತಿದ್ದಳು. ಹನ್ನೊಂದಣ್ಣನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಬೀದಿ ದಾಟಿದ್ದು ಓಡುತ್ತ. ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿಗೆ ಏದುಸಿರು ಬಿಡುತ್ತ ಎಲ್ಲ ಹೇಳಿದ. ಗುಡುಗ ಬಿಟ್ಟದ್ದು ನನ್ನಿಂದ ಕಣೆ, ನನಗೆ ಹೆದರಿ, ಅವರೇ ಹೇಳಿದ್ರು ಎಂದ. ಅವಳು ಚಕ್ರದ ಮೇಲೆ ಕೈಯಿಟ್ಟು ಮಿಷನ್ನು ನಿಲ್ಲಿಸಿದಳು.

"ಯಾರ ಮುಂದೆ ಹೇಳಿದ್ರು?"

"ನನ್ನ ಮುಂದೆ. ಅಳಿಯನೂ ಇದ್ದ."

"ಅಳಿಯ ಬಾಯಿ ಬಿಡ್ತಾನಾ? ಅಂದ್ರೆ ಯಾರ ಮುಂದೂ ಹೇಳಿಲ್ಲ." ಮತ್ತೆ ಚಕ್ರ ತಿರುಗಿಸಿದಳು. ಹೊಲಿಗೆ ಸೊಟ್ಟಗೆ ಹೋಯಿತು. ಅವಳು ಬಿಚ್ಚಿ ಮತ್ತೆ ಹಾಕಿದಳು, ಮತ್ತೆ ಸೊಟ್ಟಗೆ ಹೋಯಿತು.

ಮರುದಿನ ಬೆಳಿಗ್ಗೆ ಮಾಸ್ಟರು ಅದೇ ಸ್ಟೂಲು ಹಿಡಿದುಕೊಂಡು ಬಂದರು. ಬೋರ್ಡಿನ ಮೇಲಿನ 'ಹನ್ನೊಂದು' ಅನ್ನುವುದರ ಮೇಲೆ ಯಾರೋ ಸುಣ್ಣದಲ್ಲಿ 'ನಾಲ್ಕು' ಎಂದು ಬರೆದಿದ್ದರು. ಮಾಸ್ಟರು ಅದನ್ನು ಓದಿ ಮುಗುಳ್ನಕ್ಕು ಒಳಗೆ ಬಂದರು.

"ನಾಲ್ಕಣ್ಣ, ಇದಕ್ಕೆ ಹತ್ತಿ ಸ್ವಲ್ಪ ಜಾಸ್ತಿ ಆಗಿದೆ. ಹುಡುಗರು ಕೂತ್ರೆ ಎತ್ತರ ಆಗುತ್ತೆ. ಎರಡು ಹಿಡಿ ತೆಗೆದು ಕೊಡ್ತೀಯಾ?"

ಒಳಗೆ ಕತ್ತರಿ ನೆಲಕ್ಕೆ ಬಿದ್ದ ಸದ್ದು. ಹೆಂಡತಿ ಧಡಧಡನೆ ಹೊರಗೆ ಬಂದಳು. ಮುಖ ಕೆಂಪಗಾಗಿತ್ತು.

"ಯಾವನು ರೀ ಅವನು ನಾಲ್ಕು ಅನ್ನೋನು? ರಕ್ತ ತೊಳೆದೋಳು ನಾನು! ನಂಗೊತ್ತು ಎಷ್ಟು ಸುತ್ತಿನ ರಕ್ತ ಅಂತ! ಇವರು ಹನ್ನೊಂದು! ಇನ್ನೊಂದ್ಸಲ ನಾಲ್ಕು ಅಂದ್ರೆ ನಾಲಿಗೆ ಸೀಳ್ತೀನಿ, ಹನ್ನೊಂದು ಅನ್ನಿ!"

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತನ್ನು ಅವನು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಮಾಸ್ಟರು ಬೆಪ್ಪಾಗಿ ಅವನ ಮುಖ ನೋಡಿದರು. ನಿಜ ಯಾವುದು ನೀನೇ ಹೇಳಪ್ಪ ಎನ್ನುವ ಹಾಗೆ ಕಾದರು.

ಅವನು ಸ್ಟೂಲನ್ನು ತೊಡೆಯ ಮೇಲೆ ಎಳೆದುಕೊಂಡ. ರೆಕ್ಸಿನ್ನಿನ ಅಂಚಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿ ಇಟ್ಟುಕೊಳ್ಳತೊಡಗಿದ.

"ಸುಮ್ನಿರೇ," ಎಂದ. "ನಾಲ್ಕೇ. ನಾನೇ ಹೇಳಿದೀನಲ್ಲ."